ಅರ್ಥ್‌ಸೀ ಮರುಓದು: ನಾಲ್ಕು ಮುಗಿದವು, ಐದನೆಯದು ಶುರು

ಈ ಮಳೆಗಾಲಕ್ಕೆ ಹಾಕಿಕೊಂಡ ಕೆಲಸ ಇದು: ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ ಅವರ, ಮಂತ್ರಗಾರರ ದ್ವೀಪಲೋಕವೊಂದರ ಕಥೆ ಹೇಳುವ ಅರ್ಥ್‌ಸೀ ಸರಣಿಯ ಆರೂ ಪುಸ್ತಕಗಳನ್ನು ಅಚ್ಚಾದ ಕ್ರಮದಲ್ಲೇ ಓದುವುದು. ಹೈಸ್ಕೂಲಿನಲ್ಲಿ ಓದಿದ್ದು ಮೊದಲ ಮೂರು ಮಾತ್ರ, 1968, 1971, 1972ರವು. ನಾಲ್ಕನೆಯದು ಬಂದದ್ದು 1990ರಲ್ಲಿ. ಕೊನೆಯ ಎರಡು 2001ರಲ್ಲಿ. ಬರೆದವರೇ ವಯಸ್ಸಾದ ಮೇಲೆ ತಾವು ಕಟ್ಟಿದ ಲೋಕಕ್ಕೆ ವಾಪಸ್ ಹೋಗಿ ನೋಡಿದ ಸರಣಿ. ಮರುಓದಿಗೆ ಇದಕ್ಕಿಂತ ಒಳ್ಳೆಯದು ಹೊಳೆಯಲಿಲ್ಲ.

ಎ ವಿಝರ್ಡ್ ಆಫ್ ಅರ್ಥ್‌ಸೀ: ಮುಗಿಯಿತು

ನಕ್ಷೆ ಲೆ ಗ್ವಿನ್ ಅವರೇ ಬರೆದದ್ದು. ಕಥಾನಾಯಕ ಗೆಡ್ ದೋಣಿ ಹತ್ತಿದಾಗಲೆಲ್ಲ ಪುಸ್ತಕದ ಮೊದಲಿಗೆ ತಿರುಗಿಸಿ ದ್ವೀಪ ಹುಡುಕುವ ಚಟ ಇನ್ನೂ ಹೋಗಿಲ್ಲ. ನೆರಳು ಬೆನ್ನಟ್ಟುವ ಭಾಗ ಆಗಲೂ ಚೆನ್ನಾಗಿತ್ತು, ಈಗಲೂ ಚೆನ್ನಾಗಿದೆ. ಈ ಸಲ ಹಿಡಿದು ನಿಲ್ಲಿಸಿದ್ದು ಮಾತ್ರ ಒಂದು ಮಳೆ.

ಹುಡುಗ ಗೆಡ್ ತನ್ನ ಗುರು ಓಗಿಯನ್ ಜೊತೆ ಗಾಂಟ್ ಬೆಟ್ಟದಲ್ಲಿ ನಡೆಯುತ್ತಿರುತ್ತಾನೆ. ಆ ದ್ವೀಪದಲ್ಲಿ ಸಣ್ಣಪುಟ್ಟ ಮಂತ್ರಗಾರರೂ ಮಳೆಯನ್ನು ಆಚೆ ತಳ್ಳಬಲ್ಲರು. ಒಬ್ಬ ಇತ್ತ ತಳ್ಳಿದರೆ ಇನ್ನೊಬ್ಬ ಅತ್ತ. ಮೋಡ ಸರ್ಕಾರಿ ಫೈಲಿನ ಹಾಗೆ ಅಲೆದಲೆದು ಕೊನೆಗೆ ಸಮುದ್ರದ ಮೇಲೆ ಹೋಗಿ ನೆಮ್ಮದಿಯಾಗಿ ಸುರಿಯುತ್ತದೆ. ಓಗಿಯನ್ ಇದ್ಯಾವುದಕ್ಕೂ ಕೈ ಹಾಕುವುದಿಲ್ಲ. ದಟ್ಟವಾದ ಒಂದು ಮರ ನೋಡಿ ಅದರಡಿ ಸುಮ್ನೆ ಮಲಗಿಬಿಡುತ್ತಾನೆ. ಹುಡುಗ ತೊಟ್ಟಿಕ್ಕುವ ಪೊದೆಯಲ್ಲಿ ಮುದುರಿ ಕೂತು, ಬಳಸದ ಶಕ್ತಿ ಇದ್ದೇನು ಬಂತು ಎಂದು ಒಳಗೊಳಗೇ ಕುದಿಯುತ್ತಾನೆ. ಆಗ ನಾನು ಪೂರ್ತಿ ಹುಡುಗನ ಪಕ್ಷ. ಈಗ ಓಗಿಯನ್ ಕಡೆ ವಾಲಿದ್ದೇನೆ, ಆದರೂ ಒಂದು ತಕರಾರಿದೆ. ನೆನೆದು ಕೂತ ಹುಡುಗನಿಗೆ ಏಕೆ ಎಂದು ಎರಡು ಮಾತು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಇನ್ನೊಂದು ಸಂಗತಿ ಆಗ ಕಣ್ಣಿಗೇ ಬಿದ್ದಿರಲಿಲ್ಲ. ಗೆಡ್ ಕಲಿತ ಮೊದಲ ಮಂತ್ರ ಮೇಕೆಗಳನ್ನು ಕರೆಯುವುದು. ಕಲಿಸಿದವಳು ತೀರಿಹೋದ ತಾಯಿಯ ಒಡಹುಟ್ಟಿದವಳು, ಊರಿನ ಮಾಟಗಾತಿ. ಹೆಸರಿನಲ್ಲೇ ಎಲ್ಲ ಶಕ್ತಿ ಇರುವ ಈ ಲೋಕದಲ್ಲಿ ಅವಳಿಗೆ ಹೆಸರೇ ಇಲ್ಲ! ಹೆಂಗಸರ ಮಂತ್ರ ಕೈಲಾಗದ್ದು, ಕೆಟ್ಟದ್ದು ಎನ್ನುವ ಗಾಂಟ್‌ನ ಗಾದೆಯೊಂದು ಅಲ್ಲೇ ಬರುತ್ತದೆ. ಕಥೆ ಅದನ್ನು ಹೇಳಿ ಮುಂದೆ ಹೋಗುತ್ತದೆ. ಗೆಡ್ ಕಂದು ಮೈಬಣ್ಣದವನು, ಅವನ ಗೆಳೆಯ ವೆಚ್ ಕಪ್ಪು. 1968ರಲ್ಲಿ ಅಷ್ಟು ದೂರ ಯೋಚಿಸಿದ ಲೇಖಕಿ ಈ ಗಾದೆಯನ್ನು ಹಾಗೇ ಬಿಟ್ಟದ್ದು ಯಾಕೋ ಮನಸ್ಸಿನಲ್ಲಿ ಉಳಿಯಿತು. ಪಕ್ಕದಲ್ಲಿ ಪೆನ್ಸಿಲ್ ಗುರುತು ಹಾಕಿದ್ದೇನೆ.

ದ ಟೂಂಬ್ಸ್ ಆಫ್ ಆಟುವಾನ್: ಮುಗಿಯಿತು

ಒಂದೇ ಭಾನುವಾರ. ಗೆಡ್ ಕಾಣಿಸಿಕೊಳ್ಳುವುದು ಹತ್ತಿರಹತ್ತಿರ ಅರ್ಧ ಪುಸ್ತಕ ಆದ ಮೇಲೆ. ಚಿಕ್ಕಂದಿನಲ್ಲಿ ಅಷ್ಟರವರೆಗೆ ಹಾರಿಸಿ ಹಾರಿಸಿ ಓದಿದ ನೆನಪು. ಈಗ ಆ ಮೊದಲರ್ಧವೇ ಇಡೀ ಸರಣಿಯ ಜೀವ ಅನಿಸುತ್ತಿದೆ. ಟೆನಾರ್ ಎಂಬ ಐದು ವರ್ಷದ ಮಗುವನ್ನು ಮನೆಯಿಂದ ಕರೆದೊಯ್ದು, ಹೆಸರು ಕಿತ್ತುಕೊಂಡು, ಸಮಾಧಿಗಳ ಪೂಜಾರಿಣಿ ಮಾಡುತ್ತಾರೆ. ನೆಲದಡಿಯ ಕತ್ತಲಲ್ಲಿ ದೀಪ ಹಚ್ಚುವ ಹಾಗಿಲ್ಲ. ಗೋಡೆ ತಡವುತ್ತ, ತಿರುವು ಎಣಿಸುತ್ತ ಅವಳು ದಾರಿ ಬಾಯಿಪಾಠ ಮಾಡುತ್ತಾಳೆ. ಒಂದು ಸಲ ಮೂವರು ಕೈದಿಗಳನ್ನು ತರುತ್ತಾರೆ. ಅನ್ನನೀರಿಲ್ಲದೆ ಕತ್ತಲಲ್ಲೇ ಸಾಯಲಿ ಎಂದು ಆ ಹುಡುಗಿಯೇ ಹೇಳಬೇಕು, ಹೇಳುತ್ತಾಳೆ. ಮಕ್ಕಳ ಪುಸ್ತಕ ಸ್ವಾಮಿ ಇದು! ಆ ಪುಟಗಳಲ್ಲಿ ಲೇಖಕಿ ಅವಳನ್ನು ಸಮರ್ಥಿಸಲೂ ಹೋಗುವುದಿಲ್ಲ, ಬೈಯಲೂ ಹೋಗುವುದಿಲ್ಲ.

ದ ಫಾರ್ದೆಸ್ಟ್ ಶೋರ್: ಮುಗಿಸಿದೆ, ಅಷ್ಟೇ

ಮಧ್ಯದಲ್ಲಿ ಉಪದೇಶ ಜಾಸ್ತಿ. ರಾಜಕುಮಾರ ಅರೆನ್ ಗೆಡ್‌ನ ಬಾಯನ್ನೇ ನೋಡುತ್ತ ಕೂರುತ್ತಾನೆ. ಸತ್ತವರ ಒಣನಾಡಿನ ಭಾಗಕ್ಕೆ ಮಾತ್ರ ಪೂರ್ತಿ ಅಂಕ.

ಟೆಹಾನು: ನಿನ್ನೆ ಮುಗಿಯಿತು

ಇದು ಮೊದಲ ಓದು. ಮೂರನೆಯದರ ಕೊನೆಯಲ್ಲಿ ಶಕ್ತಿಯೆಲ್ಲ ಬಸಿದುಹೋದ ಗೆಡ್ ಡ್ರ್ಯಾಗನ್ ಬೆನ್ನೇರಿ ಹೊರಡುತ್ತಾನೆ. ನಾಲ್ಕನೆಯದರಲ್ಲಿ ಅದೇ ಡ್ರ್ಯಾಗನ್ ಅವನನ್ನು ಗಾಂಟ್‌ನಲ್ಲಿ ಇಳಿಸುತ್ತದೆ. ಕಥೆಯಲ್ಲಿ ಅದು ಒಂದು ಹಾರಾಟ, ಓದುಗರಿಗೆ 18 ವರ್ಷದ ಅಂತರ. ಬಂಡೆಯಂಚಿನಲ್ಲಿ ನಿಂತು ಅವನನ್ನು ಬರಮಾಡಿಕೊಳ್ಳುವವಳು ಟೆನಾರ್. ಈಗ ಅವಳು ನಡುವಯಸ್ಸಿನ ವಿಧವೆ, ತೋಟದ ಮನೆಯ ಒಡತಿ, ಬೆಂಕಿಯಲ್ಲಿ ಸುಟ್ಟ ಹೆಣ್ಣುಮಗುವೊಂದನ್ನು ಸಾಕುತ್ತಿದ್ದಾಳೆ.

ಹೈಸ್ಕೂಲಿನಲ್ಲಿ ಇದು ಕೈಗೆ ಸಿಕ್ಕಿದ್ದರೆ ಇಪ್ಪತ್ತು ಪುಟಕ್ಕೆ ಎಸೆಯುತ್ತಿದ್ದೆ. ಮಂತ್ರವಾದಿ ಮೇಕೆ ಕಾಯುತ್ತಾನೆ, ಬೇರೆಯವರ ಕಣ್ಣಿಗೆ ಬೀಳಲು ನಾಚುತ್ತಾನೆ. ಜಾದೂ ಎಂಬುದೇ ಇಲ್ಲ ಅನ್ನುವಷ್ಟು ಕಡಿಮೆ. ಅಡುಗೆಮನೆಯ ಒಂದು ದೃಶ್ಯವಿದೆ. ಹಡಗಿನ ಕೆಲಸ ಬಿಟ್ಟು ಬಂದ ಟೆನಾರ್‌ನ ಮಗ ಉಂಡ ತಟ್ಟೆ ತೊಳೆಯುವುದಿಲ್ಲ, ಅದು ಹೆಂಗಸರ ಕೆಲಸವಂತೆ. ಈ ಅಡುಗೆಮನೆಯಲ್ಲಿ ಉಂಡವರ ಕೆಲಸ ಅದು ಎಂದು ತಾಯಿ ಹೇಳಿದರೂ ಅವನಿಗೆ ನಾಟುವುದಿಲ್ಲ. ಯಾರ ಮನೆಯಲ್ಲಿ ಈ ಮಾತು ನಡೆದಿಲ್ಲ ಹೇಳಿ? ಮೊದಲ ಪುಸ್ತಕದಲ್ಲಿ ಗಾದೆಯಾಗಿ ಬಂದದ್ದು ಇಲ್ಲಿ ಮಗನ ಬಾಯಲ್ಲಿ ಬರುತ್ತದೆ, ಈ ಸಲ ಲೇಖಕಿ ಅದನ್ನು ಹಾಗೇ ಬಿಡುವುದಿಲ್ಲ. ಊರಿನ ಮಾಟಗಾತಿಗೂ ಇಲ್ಲಿ ಹೆಸರಿದೆ, ಮಾಸ್ ಅಂತ. ಕೊಳಕು ಗುಡಿಸಲು, ದೊಡ್ಡ ಬಾಯಿ, ಒಳ್ಳೆಯ ಮನಸ್ಸು. ಟೆನಾರ್ ಅವಳ ಜೊತೆ ಕೂತು ಗಂಡಸರ ಶಕ್ತಿ, ಹೆಂಗಸರ ಶಕ್ತಿ ಎಂದು ಹರಟುವ ಪುಟಗಳನ್ನು ಎರಡು ಸಲ ಓದಿದೆ.

ಒಂದು ದೂರು: ಕೊನೆ ಬಹಳ ಅವಸರದ್ದು. ಅಷ್ಟು ನಿಧಾನಕ್ಕೆ ಕಟ್ಟಿದ ಕಥೆಗೆ ಹಾಗೆ ದಿಢೀರನೆ ತೆರೆ ಎಳೆಯಬಾರದಿತ್ತು. ಮುಖಪುಟದಲ್ಲಿ 'ಅರ್ಥ್‌ಸೀಯ ಕೊನೆಯ ಪುಸ್ತಕ' ಎಂದು ಅಚ್ಚಾಗಿತ್ತು, ಆಮೇಲೆ ಇನ್ನೆರಡು ಬಂದವು. ಕೊನೆ ಮುಗಿದಿಲ್ಲ ಅಂತ ಅವರಿಗೂ ಅನಿಸಿರಬೇಕು.

ಟೇಲ್ಸ್ ಫ್ರಮ್ ಅರ್ಥ್‌ಸೀ: ಮೊದಲ ಕಥೆಯಲ್ಲಿದ್ದೇನೆ

ಇದು ಕಥೆಗಳ ಸಂಕಲನ. ಮೊದಲನೆಯದು ಗೆಡ್ ಹುಟ್ಟುವುದಕ್ಕೆ ನೂರಾರು ವರ್ಷ ಹಿಂದಿನದು. ಗಂಡಸರು ಮಾತ್ರ ಓದುವ ರೋಕ್ ದ್ವೀಪದ ಆ ಮಂತ್ರವಿದ್ಯೆಯ ಶಾಲೆ ಇದೆಯಲ್ಲ, ಅದನ್ನು ಕಟ್ಟಿದವರಲ್ಲಿ ಹೆಂಗಸರೇ ಮುಂದೆ ನಿಂತಿದ್ದರು ಎಂದು ಈ ಕಥೆ ಹೇಳುತ್ತಿದೆ! ಅವರನ್ನು ಹೊರಗೆ ಹಾಕಿದ್ದು ಆಮೇಲೆ. ಪೆನ್ಸಿಲ್ ಗುರುತು ಹಾಕಿದ ಪುಟಕ್ಕೆ ಹೋಗಿ ಪಕ್ಕದಲ್ಲಿ ಈ ಕಥೆಯ ಪುಟಸಂಖ್ಯೆ ಬರೆದೆ.

ಆರನೆಯದು, 'ದಿ ಅದರ್ ವಿಂಡ್', ಆರ್ಡರ್ ಮಾಡಿದ್ದೇನೆ, ಇನ್ನೂ ಬಂದಿಲ್ಲ. ಓದಿದವರಿದ್ದರೆ ದಯವಿಟ್ಟು ಕಥೆ ಬಿಟ್ಟುಕೊಡಬೇಡಿ. ಗೆಡ್ ಮೇಕೆ ಕಾಯುವುದರಲ್ಲೇ ಇದ್ದಾನಾ ಅನ್ನುವುದಷ್ಟನ್ನು ಬೇಕಾದರೆ ಹೇಳಬಹುದು.