ನಂದಿ ಬೆಟ್ಟ ಹತ್ತಲಿಲ್ಲ, ಸುತ್ತಿ ಬಂದೆ

ನಂದಿ ಬೆಟ್ಟಕ್ಕೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಕಾಲೇಜಿನಲ್ಲಿದ್ದಾಗ ಬೈಕು, ಆಮೇಲೆ ಕಾರು, ಊರಿಂದ ನೆಂಟರು ಬಂದಾಗಲೆಲ್ಲ ಮತ್ತೆ ಕಾರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಹೆಬ್ಬಾಳ ದಾಟಿ, ಗೇಟಿನ ಮುಂದೆ ಸಾಲಿನಲ್ಲಿ ನಿಂತು, ಮೇಲೆ ಹೋಗಿ ಮಂಜು ನೋಡಿ, ಟೀ ಕುಡಿದು ವಾಪಸ್ಸು. ಬೆಂಗಳೂರಿನವರೆಲ್ಲ ಮಾಡೋದು ಇದೇ ಅಲ್ವಾ? ಬುಡದಲ್ಲಿ ಏನಿದೆ ಅಂತ ಒಂದು ಸಲವೂ ಬಗ್ಗಿ ನೋಡಿರಲಿಲ್ಲ.

ಕಬ್ಬನ್ ಪಾರ್ಕಿನಲ್ಲಿ ಜೊತೆಗೆ ಓಡುವ ಗೆಳೆಯ ಒಂದು ದಿನ ಫೋನಿನಲ್ಲಿ ಮ್ಯಾಪ್ ತೋರಿಸಿದ. ಬೆಟ್ಟದ ಸುತ್ತ ಒಂದು ಸೊಟ್ಟ ವೃತ್ತ. "ಈ ಸಲ ಹತ್ತೋದು ಬೇಡ, ಸುತ್ತೋಣ" ಅಂದ. ಹತ್ತೋದು ಬೇಡ ಅಂದ ಮೇಲೆ ಸುಲಭ ಅಂದುಕೊಂಡು ಒಪ್ಪಿದೆ. ಡಾಂಬರು ರಸ್ತೆಯಲ್ಲಿ ಓಡೋಕಂತ ಇದ್ದ ಹಳೇ ರೋಡ್ ಶೂ ಹಾಕಿಕೊಂಡು ಹೊರಟೆ. ಅದೇ ತಪ್ಪಾಯಿತು, ಹೇಳ್ತೀನಿ.

ನವೆಂಬರ್‌ನ ಒಂದು ಭಾನುವಾರ, ಇನ್ನೂ ಕತ್ತಲೆ. ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಎದುರು ಕಾರು ನಿಲ್ಲಿಸಿ ಓಡಲು ಶುರು ಮಾಡಿದೆವು. 9ನೇ ಶತಮಾನದ ದೇವಸ್ಥಾನ ಅದು. ಕೆಳಗೆ ಭೋಗನಂದೀಶ್ವರ, ಬೆಟ್ಟದ ಮೇಲೆ ಯೋಗನಂದೀಶ್ವರ. ನಮ್ಮದು ಭೋಗದಿಂದ ಹೊರಟು ಭೋಗಕ್ಕೇ ಬರುವ ಪ್ಲಾನು. ಸುಲ್ತಾನಪೇಟೆ ಕಡೆಯಿಂದ ಹೋದರೆ ಕಾಡುದಾರಿ ಮೊದಲು ಸಿಗುತ್ತೆ, ಬಿಸಿಲೇರುವ ಹೊತ್ತಿಗೆ ಬೆಟ್ಟದ ನೆರಳಲ್ಲಿರ್ತೀವಿ ಅನ್ನೋದು ಗೆಳೆಯನ ಲೆಕ್ಕ. ಸುಲ್ತಾನಪೇಟೆಯಲ್ಲಿ ಬೆಟ್ಟಕ್ಕೆ ಹತ್ತುವ ಹಳೇ ಮೆಟ್ಟಿಲುಗಳಿವೆ, ಸಾವಿರಕ್ಕೂ ಜಾಸ್ತಿ. ಅವನ ಕಾಲು ಆ ಕಡೆ ತಿರುಗಿತು. ನಾನು ಎಳೆದುಕೊಂಡು ಹೋದೆ.

ಊರು ದಾಟುವಾಗ ನಾಯಿಗಳು. ಓಡಿದರೆ ಅಟ್ಟಿಸಿಕೊಂಡು ಬರ್ತವೆ. ನಿಂತು, ಕಲ್ಲು ಎತ್ತುವ ಹಾಗೆ ಸುಮ್ನೆ ಬಗ್ಗಿದರೆ ಸಾಕು, ನಿಜವಾಗಿ ಎತ್ತಬೇಕಿಲ್ಲ.

ಪಡುವಣ ಕಡೆಗೆ ತಿರುಗಿದಾಗ ಬೆಟ್ಟ ಬೇರೆಯದೇ ಆಗಿ ಕಂಡಿತು. ಕಾರಿನಲ್ಲಿ ಹೋಗುವಾಗ ಅದು ಬರೀ ತಿರುವುಗಳ ರಸ್ತೆ. ಇಲ್ಲಿಂದ ನೋಡಿದರೆ ಕಲ್ಲಿನ ಗೋಡೆ, ಅದರ ನೆತ್ತಿಯಲ್ಲಿ ಕೋಟೆಯ ಗೆರೆ. 1791ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪುವಿನ ಈ ಕೋಟೆ ಹಿಡಿಯಲು ಮೂರು ವಾರ ಒದ್ದಾಡಿತ್ತು. ಶಾಲೆಯಲ್ಲಿ ಓದಿದಾಗ ಅದೊಂದು ಇಸವಿ, ಅಷ್ಟೇ. ಬುಡದಲ್ಲಿ ನಿಂತು ಕತ್ತೆತ್ತಿದಾಗ, ಇಲ್ಲಿಗೆ ಫಿರಂಗಿ ಎಳೆದುಕೊಂಡು ಹತ್ತಿದವರ ಪಾಡೇನು ಅನ್ನಿಸಿತು. ನನಗೆ ಬೆನ್ನ ಮೇಲಿನ ಒಂದೂವರೆ ಲೀಟರ್ ನೀರೇ ಭಾರವಾಗಿತ್ತು.

ಅಲ್ಲೊಂದು ಒಣಗಿದ ಹಳ್ಳ ದಾಟಿದೆವು. ಮಂಡಿ ಮಟ್ಟದ ಕೊರಕಲು, ತಳದಲ್ಲಿ ಮರಳು. ನಂದಿ ಬೆಟ್ಟದಲ್ಲೇ ಅರ್ಕಾವತಿ ಹುಟ್ಟೋದು. ಅದು ಹೆಸರಘಟ್ಟದ ಕೆರೆ ತುಂಬಿಸಿ ಮುಂದೆ ಕಾವೇರಿ ಸೇರಬೇಕು. ಬೆಂಗಳೂರಿಗೆ 1890ರ ದಶಕದಲ್ಲಿ ಮೊದಲು ಕೊಳಾಯಿ ನೀರು ಬಂದಿದ್ದು ಆ ಹೆಸರಘಟ್ಟದಿಂದಲೇ. ಇದೇ ಬೆಟ್ಟಸಾಲಿನ ಇನ್ನೊಂದು ಬದಿಗೆ ಬಿದ್ದ ಮಳೆ ಪಿನಾಕಿನಿ, ಚಿತ್ರಾವತಿ ಅಂತ ಆಂಧ್ರದ ಕಡೆಗೆ ಹೋಗುತ್ತೆ. ನಮ್ಮ ಬೀದಿಗೆ ವಾರಕ್ಕೆರಡು ಸಲ ಬರುವ ಟ್ಯಾಂಕರ್ ನೆನಪಾಯಿತು.

ಆಮೇಲೆ ನೀಲಗಿರಿ ತೋಪು. ನಾನು ಬಿದ್ದಿದ್ದು ಇಲ್ಲೇ. ಕುಡುಗೋಲಿನ ಹಾಗೆ ಬಾಗಿದ ಒಣ ಎಲೆಗಳು ಒಂದರ ಮೇಲೊಂದು ಹಾಸಿಕೊಂಡಿರ್ತವೆ, ಕೆಳಗೆ ಗಟ್ಟಿ ಕೆಂಪು ನೆಲ, ನಡುವೆ ಗೋಲಿಯಂಥ ಗರಸು. ಇಳಿಜಾರಿನಲ್ಲಿ ದೊಡ್ಡ ಹೆಜ್ಜೆ ಹಾಕಿದೆ. ಸವೆದ ರೋಡ್ ಶೂ ಜಾರಿತು. ಬಲ ಮಂಡಿ, ಎರಡೂ ಅಂಗೈ ತರಚಿದವು. ಇಳಿಯುವಾಗ ಚಿಕ್ಕ ಚಿಕ್ಕ ಹೆಜ್ಜೆ ಇಡಬೇಕು, ಹಿಮ್ಮಡಿ ಊರಿ ಬ್ರೇಕ್ ಹಾಕಬಾರದು, ಎಲ್ಲಾ ಗೊತ್ತಿತ್ತು. ಗೊತ್ತಿದ್ದೂ ಬಿದ್ದೆ.

ಕುಂಟುತ್ತಾ ತೋಪಿನಿಂದ ಹೊರಗೆ ಬಂದರೆ ರಾಗಿ ಹೊಲ. ತೆನೆ ಮುಷ್ಟಿ ಕಟ್ಟಿಕೊಂಡು ತಲೆ ಬಾಗಿಸಿತ್ತು. ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಅಂಚಿಗೆ ಹುಚ್ಚೆಳ್ಳಿನ ಹಳದಿ ಹೂವು. ಬದುವಿನ ಮೇಲೆ ಕೂತಿದ್ದ ಅಜ್ಜಿ ನನ್ನ ಮಂಡಿ ನೋಡಿ, "ಪ್ರದಕ್ಷಿಣೆನಾ? ಆಷಾಢ ಯಾವಾಗ್ಲೋ ಮುಗೀತಲ್ಲಪ್ಪಾ" ಅಂದರು.

ಆಗಲೇ ಗೊತ್ತಾಗಿದ್ದು. ಆಷಾಢದ ಕಡೇ ಸೋಮವಾರ ಸುತ್ತಮುತ್ತಲ ಜನ ಭಜನೆ ಮಾಡುತ್ತಾ ಈ ಬೆಟ್ಟವನ್ನು ಸುತ್ತುತ್ತಾರೆ, ಬರಿಗಾಲಲ್ಲಿ ಬರುವವರೂ ಇದ್ದಾರೆ. ನಾವು ಮ್ಯಾಪಿನಲ್ಲಿ ಗೆರೆ ಎಳೆದು ಟ್ರೇಲ್ ಲೂಪ್, ಅಂದರೆ ಕಾಲುದಾರಿಯ ಸುತ್ತು, ಅಂತ ಹೆಸರಿಟ್ಟುಕೊಂಡು ಬೀಗಿದ್ದೆವು. ಅಜ್ಜಿ ಅಷ್ಟಕ್ಕೇ ಬಿಡಲಿಲ್ಲ. ನಾವು ಬಂದ ದಿಕ್ಕು ನೋಡಿ, ಮತ್ತೆ ಬೆಟ್ಟ ನೋಡಿ, "ಅಯ್ಯೋ, ಉಲ್ಟಾ ಬಂದಿದ್ದೀರಲ್ಲೋ. ಬೆಟ್ಟ ಬಲಗಡೆ ಇರಬೇಕು. ಬೀಳದೆ ಇನ್ನೇನು?" ಅಂದರು. ಹೌದು, ಬೆಳಗಿನಿಂದ ಬೆಟ್ಟ ಎಡಕ್ಕೇ ಇತ್ತು. ಶೂ ಕಥೆ ಹೇಳಲು ಬಾಯಿ ತೆರೆದೆ. ಗೆಳೆಯ ಅಜ್ಜಿಯ ಪಾರ್ಟಿ ಸೇರಿ ನಗುತ್ತಾ ನಿಂತಿದ್ದ.

ಕಾರಹಳ್ಳಿ ಕ್ರಾಸಿನಲ್ಲಿ ಕಾರುಗಳ ಸಾಲು, ಹಾರ್ನು. ಅಲ್ಲಿಂದ ಕುಡುವತಿ ದಾಟಿ ನಂದಿಯವರೆಗೂ ಬಿಸಿಲು, ಹೆಚ್ಚೇನೂ ಹೇಳುವಂಥದ್ದಿಲ್ಲ. ದ್ರಾಕ್ಷಿ ತೋಟದ ಬೇಲಿ ಪಕ್ಕ ಅರ್ಧ ನಡೆದೆ, ಅರ್ಧ ಓಡಿದೆ. ವಾಚು 16 ಕಿಲೋಮೀಟರ್ ಚಿಲ್ಲರೆ ತೋರಿಸಿತು. ದಾರಿ ತಪ್ಪಿ ಅಲೆದದ್ದೂ ಅದರಲ್ಲೇ ಸೇರಿದೆ.

ದೇವಸ್ಥಾನದ ಕಲ್ಯಾಣಿಗೆ ಹೋದೆವು. ನಾಲ್ಕೂ ಕಡೆ ಮೆಟ್ಟಿಲು, ಮೇಲೆ ಕಲ್ಲಿನ ಮಂಟಪದ ನೆರಳು. ಒಂದು ನಾಲ್ಕು ಮೆಟ್ಟಿಲು ಇಳಿದು ಕೂತೆ. ಏಳಲು ಹೋದರೆ ತೊಡೆ ಒಪ್ಪಲಿಲ್ಲ. ಕೊನೆಗೆ ಅಂಗೈ ಊರಿ, ಒಂದೊಂದೇ ಮೆಟ್ಟಿಲು ಕೂತುಕೊಂಡೇ ಹಿಮ್ಮುಖವಾಗಿ ಹತ್ತಿದೆ. "ಇದೂ ಉಲ್ಟಾನೇ" ಅಂದ ಗೆಳೆಯ.