ಗುಂಡಿ ಒತ್ತಿದರೂ ಭಾರ ಏಳದಿದ್ದಾಗ

ಸರಪಳಿಯಿಂದ ಭಾರ ಎತ್ತುವ ಯಂತ್ರವಾದ ವಿದ್ಯುತ್ ಚೈನ್ ಹಾಯ್ಸ್ಟ್‌ನ ಗುಂಡಿ ಒತ್ತಿದಾಗ ಮೋಟಾರು ತಿರುಗದೆ ಗುಂಯ್‌ಗುಟ್ಟಿದರೆ, ಅದಕ್ಕೆ ವಿದ್ಯುತ್ ತರುವ ಮೂರು ತಂತಿಗಳಾದ ಫೇಸ್‌ಗಳಲ್ಲಿ ಒಂದು ಕಡಿದುಹೋಗಿದೆಯೇ ಎಂದು ನಾನು ಮೊದಲು ಅನುಮಾನಿಸುತ್ತೇನೆ. ಆಗ ಮತ್ತೆ ಮತ್ತೆ ಗುಂಡಿ ಒತ್ತಿದರೆ ಮೋಟಾರಿನೊಳಗಿನ ತಂತಿಸುರುಳಿ (ವೈಂಡಿಂಗ್) ಸುಡುತ್ತದೆ. ಆದ್ದರಿಂದ ಮುಖ್ಯ ಸ್ವಿಚ್ ಆರಿಸಿ, ಅದಕ್ಕೆ ಬೀಗ ಹಾಕಿದ ಮೇಲೆಯೇ ಫ್ಯೂಸ್ ಮತ್ತು ಮೋಟಾರಿಗೆ ವಿದ್ಯುತ್ ಹರಿಸುವ ಸ್ವಿಚ್ಚುಗಳಾದ ಕಾಂಟ್ಯಾಕ್ಟರ್‌ಗಳನ್ನು ಬಲ್ಲವರಿಂದ ಪರೀಕ್ಷಿಸಬೇಕು.

ಇದಕ್ಕಿಂತ ಮೋಸದ ದೋಷವೆಂದರೆ ಫೇಸ್‌ಗಳ ಕ್ರಮ ಅದಲುಬದಲಾಗಿ ಮೋಟಾರು ಉಲ್ಟಾ ತಿರುಗುವುದು. ವೈರಿಂಗ್ ಬದಲಿಸಿದ ಮರುದಿನ ನಾನು ‘ಮೇಲೆ’ ಎಂಬ ಗುಂಡಿ ಒತ್ತಿದಾಗ ಕೊಕ್ಕೆ ಕೆಳಗಿಳಿಯಿತು. ಗುಂಡಿಪೆಟ್ಟಿಗೆಯ ತಂತಿಗಳನ್ನೇ ಬದಲಿಸಿಬಿಡೋಣ ಎಂದು ಜೊತೆಗಿದ್ದವರೊಬ್ಬರು ಸಲಹೆಯಿತ್ತರು, ಆದರೆ ಹಾಗೆ ಮಾಡಿದರೆ ಕೊಕ್ಕೆ ಮೇಲಿನ ಮಿತಿ ಮುಟ್ಟಿದಾಗ ಅದನ್ನು ಅಲ್ಲಿ ನಿಲ್ಲಿಸಬೇಕಾದ ಲಿಮಿಟ್ ಸ್ವಿಚ್ ತಪ್ಪು ದಿಕ್ಕಿನ ಸರ್ಕ್ಯೂಟನ್ನು ಕಡಿದು, ಮೋಟಾರು ನಿಲ್ಲದೆ ಎಳೆಯುತ್ತಲೇ ಹೋಗಬಹುದು. ಸರಬರಾಜಿನ ಎರಡು ಫೇಸ್‌ಗಳನ್ನು ಅದಲುಬದಲು ಮಾಡುವುದೇ ಸರಿಯಾದ ಪರಿಹಾರ.

ಬ್ರೇಕ್‌ನ ಪರೀಕ್ಷೆ ಸರಳ: ಭಾರವನ್ನು ನೆಲದಿಂದ ಗೇಣುದ್ದ ಎತ್ತಿ ನಿಲ್ಲಿಸಿ, ಅದು ಜಾರುತ್ತದೆಯೇ ಎಂದು ನೋಡಬೇಕು. ಜಾರಿದರೆ ಅಂದಿನ ಕೆಲಸ ಅಲ್ಲಿಗೇ ನಿಲ್ಲಬೇಕು.

ಸರಪಳಿ ಸವೆಯುವುದು ಕೊಂಡಿಯ ಹೊರಮೈಯಲ್ಲಲ್ಲ, ಎರಡು ಕೊಂಡಿಗಳು ಒಂದನ್ನೊಂದು ಒತ್ತುವ ಒಳಬಾಗಿನಲ್ಲಿ; ಭಾರವಿಲ್ಲದಾಗ ಸಡಿಲಿಸಿ, ಗ್ರೀಸ್ ಒರೆಸಿ ನೋಡಿದರಷ್ಟೇ ಅಲ್ಲಿನ ತಗ್ಗು ಕಾಣುತ್ತದೆ. ಸವೆದ ಸರಪಳಿಗೆ ಬೆಸುಗೆ ಹಾಕಿಯೋ ಬೋಲ್ಟ್ ಜೋಡಿಸಿಯೋ ಬಳಸುವುದನ್ನು ನಾನು ಒಪ್ಪುವುದಿಲ್ಲ. ಅದೇ ರೀತಿ ಭಾರವನ್ನು ಓರೆಯಾಗಿ ಎಳೆದರೆ ಸರಪಳಿ ತನಗೆ ದಾರಿ ತೋರುವ ಗೈಡ್‌ಗೆ ಉಜ್ಜುತ್ತದೆ, ಎತ್ತಿದೊಡನೆ ಭಾರ ತೂಗಾಡಿ ಪಕ್ಕದಲ್ಲಿದ್ದವರಿಗೆ ಬಡಿಯುತ್ತದೆ.