ವಾಪಸ್ ಏನು ಕೇಳ್ತಾರೆ?

2024ರ ಅಕ್ಟೋಬರ್‌ನ ಒಂದು ಶನಿವಾರ ಅಮೆರಿಕದ ಶಾರ್ಲೆಟ್‌ನಿಂದ ನಾವು ಮೂವರು ನಾರ್ತ್ ಕೆರೊಲಿನಾದ ಬೆಟ್ಟದೂರು ಸ್ವಾನನೋವಾಕ್ಕೆ ನೀರಿನ ಬಾಟಲಿ ತಗೊಂಡು ಹೋಗಿದ್ದೆವು. ಹೆಲೀನ್ ಚಂಡಮಾರುತ ಬಂದು ಹೋಗಿ ಮೂರು ವಾರವಾಗಿತ್ತು. ಪಕ್ಕದ ಆಶ್ವಿಲ್‌ನಲ್ಲಿ ನಲ್ಲಿ ನೀರು ಇನ್ನೂ ಕುಡಿಯುವ ಹಾಗಿರಲಿಲ್ಲ.

ಚರ್ಚಿನ ಅಂಗಳದಲ್ಲಿ ಬಾಟಲಿ ಇಳಿಸುವಾಗ ಒಬ್ಬ ಅಜ್ಜ ಬಂದರು. ಬೂಟಿನ ತುಂಬ ಒಣಗಿದ ಕೆಸರು. ಫೆಮಾಗೆ, ಅಂದರೆ ಸರ್ಕಾರದ ವಿಪತ್ತು ನೆರವಿನ ಸಂಸ್ಥೆಗೆ, ಅರ್ಜಿ ಹಾಕಿದ್ರಾ ಎಂದು ಕೇಳಿದೆ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ಆಮೇಲೆ ದನಿ ತಗ್ಗಿಸಿದರು. "ಆ 750 ಡಾಲರ್ ತಗೊಂಡರೆ ವಾಪಸ್ ಏನು ಕೇಳ್ತಾರೆ? ಜಾಗಾನಾ?"

ಇಲ್ಲ, ಅದು ಸಾಲವಲ್ಲ, ಅನ್ನ ನೀರಿಗೆಂದು ಮೊದಲು ಕೊಡುವ ದುಡ್ಡು ಅಷ್ಟೇ, ಮನೆ ರಿಪೇರಿಗೆ ಬೇರೆ ಸಿಗುತ್ತದೆ ಎಂದೆ. ತಲೆಯಾಡಿಸಿದರು. ನಂಬಲಿಲ್ಲ.

ವಾಪಸ್ ಬರುವಾಗ ಗೆಳೆಯ, "ಇಂಥವರಿಗೆ ಏನು ಹೇಳಿದರೂ ಅಷ್ಟೇ" ಎಂದ. ಒಳ್ಳೆಯವನು, ಬೆಳಿಗ್ಗೆಯಿಂದ ಬೆನ್ನು ನೋಯುವಷ್ಟು ಭಾರ ಹೊತ್ತಿದ್ದ. ಆದರೂ ಆ ಮಾತು ತಪ್ಪು. ಫೆಮಾದ ಸಹಾಯಕ್ಕೆ ಮಿತಿಯಿದೆ. ಮನೆ ಪೂರ್ತಿ ಕಟ್ಟಬೇಕಾದವರಿಗೆ ಸಣ್ಣ ಉದ್ಯಮಗಳ ಇಲಾಖೆಯ ಸಾಲವನ್ನೂ ತೋರಿಸುತ್ತಾರೆ. ಅದು ನಿಜವಾಗಲೂ ಸಾಲವೇ. ಅದರ ನಿಧಿಯೂ ಆ ವಾರ ಖಾಲಿಯಾಗಿತ್ತು. ಈ ಬೆಟ್ಟದೂರುಗಳಲ್ಲಿ ನೆರೆ ವಿಮೆ ಮಾಡಿಸಿದವರು ತೀರಾ ಕಡಿಮೆ. ಅಜ್ಜನಿಗೆ ಉಳಿದದ್ದು ಆ ಜಾಗ ಒಂದೇ. ಭಯಪಡದೆ ಇನ್ನೇನು ಮಾಡ್ತಾರೆ?

ನನಗೆ ಸಿಟ್ಟಿರುವುದು ಅಧ್ಯಕ್ಷ ಚುನಾವಣೆ ಹೊತ್ತಿಗೆ, ದುಡ್ಡು ತಗೊಂಡರೆ ಜಾಗ ಹೋಗುತ್ತದೆ ಎಂಬ ಈ ಭಯವನ್ನು ಊರೂರಿಗೆ ಹಂಚಿದವರ ಮೇಲೆ. ಹಿಂದಿನ ವಾರಾಂತ್ಯ ಬೆದರಿಕೆಯ ಸುದ್ದಿ ಬಂದು, ಫೆಮಾದವರು ಇಲ್ಲಿ ಮನೆ ಮನೆಗೆ ಹೋಗುವುದನ್ನೇ ಕೆಲವು ದಿನ ನಿಲ್ಲಿಸಬೇಕಾಯಿತು. ಫೋನು ಸರಿಯಾಗಿ ಸಿಗದ ಕಣಿವೆಯಲ್ಲಿ ಬಾಗಿಲಿಗೆ ಬರುವವರೇ ಸರ್ಕಾರ ಅಲ್ವಾ? ಅವರೂ ಬರದಿದ್ದರೆ ವದಂತಿ ಮಾತ್ರ ಬರುತ್ತದೆ. ಆದರೆ ಸರ್ಕಾರವನ್ನು ಸುಮ್ನೆ ಬಿಡಲೂ ಆಗದು. 2005ರಲ್ಲಿ ಕತ್ರೀನಾ ಚಂಡಮಾರುತ ಬಂದಾಗ ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್ ಕ್ರೀಡಾಂಗಣದಲ್ಲಿ ಸಾವಿರಾರು ಜನ ಬಸ್ಸಿಗಾಗಿ ದಿನಗಟ್ಟಲೆ ಕಾದರು. ದೇಶವೆಲ್ಲ ಟೀವಿಯಲ್ಲಿ ನೋಡಿತು. ಅಂದು ಹೋದ ನಂಬಿಕೆ ಪೂರ್ತಿ ವಾಪಸ್ ಬಂದಿಲ್ಲ ಅನ್ನಿಸುತ್ತದೆ.

2019ರಲ್ಲಿ ಮಲಪ್ರಭೆ ಉಕ್ಕಿದಾಗ ರಾಮದುರ್ಗದ ಕಡೆಯ ನಮ್ಮ ಅತ್ತೆಯ ಮನೆಗೂ ನೀರು ನುಗ್ಗಿತ್ತು. ತಕ್ಷಣದ ಪರಿಹಾರ 10,000 ರೂಪಾಯಿ ಎಂದು ಸರ್ಕಾರ ಹೇಳಿತ್ತು. ಅತ್ತೆ ಫೋನಿನಲ್ಲಿ ಪ್ರತಿ ಸಲ ಕೇಳುತ್ತಿದ್ದದ್ದು "ಯಾವಾಗ ಕೊಡ್ತಾರ?" ಎಂದು. ಬೈಯುತ್ತಿದ್ದರು, ಶಪಿಸುತ್ತಿದ್ದರು, ಆದರೆ ಅದು ತನಗೆ ಬರಬೇಕಾದದ್ದು ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ಅಜ್ಜ ದುಡಿದಷ್ಟು ಕಾಲವೂ ತೆರಿಗೆ ಕಟ್ಟಿರುತ್ತಾರೆ. ಆ ದುಡ್ಡು ಅವರದೇ. ಅದನ್ನು ಕೇಳಲು ದನಿ ತಗ್ಗಿಸಬೇಕಾಯಿತಲ್ಲ.

ಹೊರಡುವಾಗ ಅರ್ಜಿ ಹಾಕುವ ಫೋನ್ ನಂಬರ್ ಬರೆದು ಕೊಟ್ಟೆ. ಚೀಟಿ ಮಡಿಸಿ ಅಂಗಿ ಜೇಬಿಗೆ ಹಾಕಿಕೊಂಡರು. ಮುಂದಿನ ಶನಿವಾರ ಮತ್ತೆ ಹೋಗುವುದು ಅಂದುಕೊಂಡೆ. ಈ ಸಲ ಅವರ ಪಕ್ಕ ಕೂತು ಫೋನು ಮಾಡಿಸಬೇಕು.